ಎಂಟನೆಯದು

ಬೆಳಿಗ್ಗೆ ಆರಕ್ಕೆ ಮಹಾರಾಜ ಪಾರ್ಕಿನಲ್ಲಿ ನಾವು ನಾಲ್ವರು
ಜೊತೆಯಾಗಿ ನಡೆಯುತ್ತೇವೆ, ಬೇರೆಬೇರೆ ಕಿವಿಗಳೊಳಗೆ.
ಚಂದ್ರಕಲಾ ನಗುತ್ತಾಳೆ, ಯಾಕೆಂದು ನಮಗೆ ತಿಳಿಯದು.
ಕಟ್ಟಿನಕೆರೆ ಮಾರುಕಟ್ಟೆಯ ಫಯಾಜ್ ಕಲ್ಲುಬೆಂಚಿನ ಹತ್ತಿರ
ತಟ್ಟನೆ ನಿಲ್ಲುತ್ತಾನೆ:
ಯಾವುದೋ ದೇಶದ ಯಾವನೋ ಕೊಲೆಗಾರ
ಈಗಷ್ಟೇ ಸಿಕ್ಕಿಬಿದ್ದ.
ನಂಜೇಶನ ಕಿವಿಯಲ್ಲಿ ಷೇರುಪೇಟೆ ಏರಿದರೆ
ಅವನ ಹೆಜ್ಜೆಯೂ ಏರುತ್ತದೆ.

ಐದನೇ ಸುತ್ತಿಗೆ ಚಂದ್ರಕಲಾ ಎರಡೂ ಬಿರಡೆ ಕಿತ್ತು ಅಂದಳು:
"ಇದೇನ್ರಪ್ಪಾ, ಹೆಣ ಹೊರೋ ನಾಲ್ಕು ಜನರ ಥರ
ಬಾಯಿ ಕಟ್ಕೊಂಡು ನಡೀತೀವಲ್ಲ!
ಯಾರು ಏನು ಕೇಳ್ತೀರೋ ಇವತ್ತೇ ಗ್ರೂಪಿಗೆ ಪಟ್ಟಿ ಹಾಕಿ."

ಪಟ್ಟಿ ಕೊಡುವುದೆಂದರೆ
ಮನೆಗೆ ಬಂದವರು ನೆಟ್ಟಗೆ ಅಡುಗೆಮನೆಗೆ ಹೋಗಿ
ಡಬ್ಬಿಗಳ ಮುಚ್ಚಳ ತೆಗೆದ ಹಾಗೆ.

ನನಗೋ, ಪ ಅಂದರೆ ಕಷ್ಟ.
ಸಾಲಗಾಮೆ ರಸ್ತೆಯ ಔಷಧಿ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ
ಪ್ಯಾರಸಿಟಮಾಲ್ ಎನ್ನದೆಯೇ ಜ್ವರ ಇಳಿಸಿದವನು ನಾನು.
ದಾರಿಗಡ್ಡ ಮಲಗಿದ ಎಮ್ಮೆಯನ್ನು ಬಳಸಿ ಹೋಗುವಂತೆ
ಆ ಒಂದಕ್ಷರವನ್ನು ಬಳಸಿ ಬಳಸಿ
ಎಷ್ಟೋ ಮೈಲಿ ಹೆಚ್ಚು ನಡೆದಿದ್ದೇನೆ.
ಬರೆಯುವಾಗ ನೋಡಿ,
ಪಾರಿಜಾತ, ಪಡಸಾಲೆ, ಪಗಡೆ, ಪಾರಿವಾಳ,
ಒಂದೂ ತುಟಿಗೆ ತಾಗುವುದಿಲ್ಲ.

ಗೆಳೆಯರು ಒಳ್ಳೆಯವರು.
ನಾನು ತುಟಿ ಕೂಡಿಸಿದ್ದೇ ತಡ
ಮೂವರೂ ಮೂರು ಪದ ಹಿಡಿದು ನಿಲ್ಲುತ್ತಾರೆ,
ಬಿದ್ದವನಿಗೆ ಕೈ ಚಾಚಿದಂತೆ.
ಹತ್ತಿರದ್ದನ್ನು ಹಿಡಿದು ಏಳುತ್ತೇನೆ.
ಪಡ್ಡು ಬೇಕಿತ್ತು ಒಮ್ಮೆ, "ಪೂರಿನಾ?" ಅಂದ ನಂಜೇಶ.
ಅಂದಿನಿಂದ ಪೂರಿಯೇ ತಿನ್ನುತ್ತಿದ್ದೇನೆ.

ಎಂಟನೆಯದನ್ನು ಬಿಟ್ಟು ಕಳಿಸಬೇಕೆಂದಿದ್ದೆ. ಮರೆತೆ.
ಮೂರು ಜನರ ನೀಲಿ ಗೀಟು ಬಿದ್ದ ಮೇಲೆ ಅಳಿಸಿ ಏನು ಫಲ?

ಅದನ್ನು ನಡೆಸುವವಳು ತಡವರಿಸುತ್ತಾಳೆ,
ಬರುವ ಅತಿಥಿಗಳೂ ತಡವರಿಸುತ್ತಾರೆ.
ಒಬ್ಬಾತ ತನ್ನ ಊರಿನ ಹೆಸರು ಹೇಳಲು
ಹನ್ನೊಂದು ಸೆಕೆಂಡು ತೆಗೆದುಕೊಂಡ.
ಅವಳು ಅವನಿಗೆ ಪದ ಕೊಡಲಿಲ್ಲ.
ಹನ್ನೊಂದು ಸೆಕೆಂಡೂ ಅವಳ ಉಸಿರು ಕೇಳಿಸುತ್ತಿತ್ತು.
ರಾತ್ರಿ ಅಂಗಡಿ ಷಟರ್ ಎಳೆದು
ಆ ಉಸಿರನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದ್ದೇನೆ.

ಮೂರನೇ ದಿನ ಚಂದ್ರಕಲಾ:
"ನಿನ್ನ ಎಂಟನೇದು ಚೆನ್ನಾಗಿದೆ ಕಣೋ. ಒಂದು ಡೌಟು,
ನಲವತ್ತು ನಿಮಿಷ ಅಂತ ತೋರಿಸುತ್ತೆ,
ನನಗೆ ಇಪ್ಪತ್ತಾರಕ್ಕೇ ಮುಗಿದುಹೋಗುತ್ತೆ."

ಫೋನು ಇಸಿದುಕೊಂಡು ನೋಡಿದೆ.
'ಮೌನ ಕತ್ತರಿಸು' ಎಂಬ ಗುಂಡಿ ಅವಳದರಲ್ಲಿ ಹಸಿರಾಗಿತ್ತು.
ಎಲ್‌ಐಸಿ ಆಫೀಸು, ಎರಡು ಮಕ್ಕಳು, ಅವಳಿಗೆಲ್ಲಿದೆ ಪುರುಸೊತ್ತು?
ಪುಣ್ಯಾತ್ಮ ಯಂತ್ರ ಎಲ್ಲರ ತಡವನ್ನೂ ಸೋಸಿ,
ಊರಿನ ಹೆಸರನ್ನು ಸರಕ್ಕನೆ ಹೇಳಿಸಿಬಿಟ್ಟಿತ್ತು.
ಹದಿನಾಲ್ಕು ನಿಮಿಷ, ಚರಟದಂತೆ, ಎಲ್ಲಿಗೆ ಸುರಿಯಿತೋ.

"ನೀನು ಎಸೆದಿದ್ದಿಯಲ್ಲ," ಅಂದೆ, "ಅದೇ ಅದು."
ಗುಂಡಿ ಆರಿಸಿ ವಾಪಸು ಕೊಟ್ಟೆ.

ಹೇಳುವುದು ಮರೆತೆ, ಫಯಾಜನ ಕೊಲೆಗಾರರನ್ನು ನಾನೂ ಕೇಳಿದೆ.
ಎರಡನೇ ಕಂತಿಗೇ ಗೊತ್ತಾಯಿತು, ಗಂಡನೇ.
ನಂಜೇಶನದು ಯಾರಿಗೂ ಅರ್ಥವಾಗಲಿಲ್ಲ. ಅವನಿಗೂ ಅಷ್ಟಕ್ಕಷ್ಟೇ.

ಈ ಭಾನುವಾರ ಪಾರ್ಕಿನ ಹಿಂದಿನ ಕ್ಯಾಂಟೀನಿನಲ್ಲಿ
"ಏನು ಕೊಡಲಿ ಸಾರ್?" ಅಂದ ಹುಡುಗ.
ತುಟಿ ಕೂಡಿಸಿದೆ.
ನಂಜೇಶನ ಬಾಯಿ ತೆರೆಯಿತು;
ಮೇಜಿನ ಕೆಳಗೆ ಚಂದ್ರಕಲಾ ಅವನ ಕಾಲು ತುಳಿದಳು.
ಫಯಾಜ್ ಲೋಟದ ತಳವನ್ನೇ ನೋಡುತ್ತಾ ಕೂತ.
ಅರಸೀಕೆರೆ ಬಸ್ಸು ಹಾರನ್ ಹೊಡೆದು ಹೋಯಿತು.
ಒಳಗೆ ಕಾವಲಿಯ ಮೇಲೆ ನೀರು ಚುಂಯ್ ಎಂದಿತು.
ಹುಡುಗ ಬಟ್ಟೆಯನ್ನು ಒಂದು ಹೆಗಲಿಂದ
ಇನ್ನೊಂದು ಹೆಗಲಿಗೆ ಹಾಕಿಕೊಂಡ.
ಚಂದ್ರಕಲಾಳ ಉಸಿರು ಕೇಳಿಸುತ್ತಿತ್ತು.

"ಪಡ್ಡು," ಅಂದೆ.

"ಪಡ್ಡು ಖಾಲಿ ಸಾರ್. ಪೂರಿ ಇದೆ."

ಯಾರು ಮೊದಲು ನಕ್ಕರೋ ತಿಳಿಯದು.
ಆಗಲಿ ಬಿಡು, ಪೂರಿಯನ್ನೇ ಕೊಡು.
ಅದನ್ನೂ ನಾನೇ ಹೇಳಿದೆ,
ನಿಧಾನವಾಗಿ.